ಕೈಗೆ ಕಟ್ಟಿದ ಹೆಜ್ಜೆ

ಪರರ ಮಾತಿಗೆ ಕಿವಿಗೊಡುವವಳಲ್ಲ ಚಲುವಮ್ಮ. ಆದರೆ ಕುಶಾಲನಗರದ ಡಾಕ್ಟರ ಬಾಗಿಲಲ್ಲಿ ಪಕ್ಕಕ್ಕೇ ಕೂತಿದ್ದ ಇಬ್ಬರು ತೋಟದ ಯಜಮಾನಿಯರ ದನಿ ಊರಿಗೇ ಕೇಳುವಂತಿತ್ತು.

“ದಿನಾ ಹತ್ತು ಸಾವಿರ ಹೆಜ್ಜೆ ನಡೀಬೇಕು ಅಂತ ಸ್ಕೂಲಲ್ಲಿ ಮಗನಿಗೆ ಹೆಜ್ಜೆ ಎಣಿಸೋ ವಾಚ್ ಕೊಟ್ಟಿದ್ರು.”

“ನಡೀತಾನಾ?”

“ಸೋಫಾ ಬಿಟ್ಟು ಏಳಲ್ಲ. ಕಾಫಿ ಕುಯ್ಯೋಕೆ ಬರೋಳ ಕೈಗೆ ಕಟ್ಟಿದೆ. ಸಂಜೆಗೆ ಇಪ್ಪತ್ತು ಸಾವಿರ! ಸ್ಕೂಲಿಗೇ ಫಸ್ಟ್ ಬಂದ.”

“ಅವಳ ಇನ್ನೊಂದು ಕೈ ಖಾಲಿ ಇದೆಯಲ್ಲ? ನನ್ನ ಮಗಳದ್ದೂ ಕಟ್ಟು.”

“ಕೊಡು. ಮುಂದಿನ ತಿಂಗಳು ಈಜು ಅಂತೆ.”

ತಾನೂ ಕಾಫಿ ಕುಯ್ಯುವವಳೇ ಆದ ಚಲುವಮ್ಮನಿಗೆ ತಡೆಯಲಾಗಲಿಲ್ಲ.

“ಅದ್ಕೆ ಯಾರನ್ನ ಹೊಳೆಗೆ ತಳ್ತೀರವ್ವಾ?”

ಇಬ್ಬರೂ ಮುಖ ಸಿಂಡರಿಸಿ, ಬ್ಯಾಗು ಎತ್ತಿಕೊಂಡು ಆಚೆ ಮೂಲೆಯ ಕುರ್ಚಿಗಳಿಗೆ ಹೋದರು.

ಅಷ್ಟಾದರೂ ನಡೆದರಲ್ಲ, ಅಂದುಕೊಂಡಳು ಚಲುವಮ್ಮ.