ತಿಮ್ಮು ಗೌಡನ ಕಟ್ಟೆ, ಬಾಯಿಬಡುಕ ಗಿಡ

ಕೂತ್ಕೊಳ್ಳಿ, ಕೂತ್ಕೊಳ್ಳಿ. ಕಾಲು ಮಡಚಿ, ಬಾಯಿ ಮುಚ್ಚಿ, ಕಿವಿ ತೆರೀರಿ. ಏಡಿಗೂ ಗಿಡಕ್ಕೂ ಮಾತು ಬರ್ತಿದ್ದ ಕಾಲ. ಉಪ್ಪುನೀರಿನ ಹೊಳೆ ದಂಡೆ ಮೇಲೆ ಒಂದೂರು. ಯಾವೂರು ಅಂತ ಕೇಳಬೇಡಿ, ನನ್ನಜ್ಜಿಗೇ ಗೊತ್ತಿರಲಿಲ್ಲ.

ಹೊಳೆಗೂ ಗದ್ದೆಗೂ ನಡುವೆ ಒಂದು ಮಣ್ಣಿನ ಕಟ್ಟೆ. ಕಟ್ಟೆ ನಿಂತ್ರೆ ಭತ್ತ, ಒಡೆದ್ರೆ ಬರೀ ಉಪ್ಪು. ಮನೆಗೊಂದು ತುಂಡು ಕಾಯಬೇಕು; ಯಾರ ತುಂಡು ಒಡೀತೋ ಅವನ ಗದ್ದೆ ಊರಿಗೆ. ಅದು ಕಟ್ಟಳೆ. ನಮ್ಮ ತಿಮ್ಮು ಗೌಡನ ತುಂಡು ಒಡೀತು. ಊರ ಯಜಮಾನ ಬೀರಣ್ಣ ಮೀಸೆ ತಿರುವಿ, "ಈ ಸಲ ಬಿಟ್ಟೆ ತಿಮ್ಮು. ಇನ್ನೊಮ್ಮೆ ಒಡೀಲಿ, ಗದ್ದೆ ನಿಂದಲ್ಲ" ಅಂದ.

ತಿಮ್ಮುಗೆ ಗಂಜಿ ಇಳೀಲಿಲ್ಲ. ಗದ್ದೆ ಹೋದ್ರೆ ಹೆಂಡ್ತಿ ಬುದವಂತಿಗೆ ಏನು ಉಣ್ಣಿಸೋದು? ಹೊಳೆಗೆ ಹೋಗಿ ಎರಡು ಬುಟ್ಟಿ ಸಸಿ ತಂದ. ಒಂದು ಉಪ್ಪಟ್ಟಿ, ಒಂದು ಕಾಂಡ್ಲ. ಎರಡೂ ಬೇರುಬಿಟ್ಟು ಕೆಸರು ಹಿಡಿಯೋ ಗಿಡ.

"ನನಗೆ ಭೇದ ಇಲ್ಲಪ್ಪ, ಎಲ್ಲರಿಗೂ ಒಂದೇ" ಅಂತ ಕಟ್ಟೆ ಬದಿಯ ಹೊಂಗೆ ಮರದ ನೆರಳಲ್ಲಿ ಎಲ್ಲಾನೂ ನೆಟ್ಟ.

"ಅಯ್ಯಯ್ಯೋ ಕತ್ತಲೆ! ಬಿಸಿಲು ಕೊಡೋ!" ಉಪ್ಪಟ್ಟಿ ಹುಯ್ಯಲಿಟ್ಟಿತು. ಕಾಂಡ್ಲ ಮಾತ್ರ "ಆಹಾ, ತಂಪು" ಅಂತ ಆಕಳಿಸ್ತು.

ಕಿತ್ತ. ಉಪ್ಪು ಹರಳುಗಟ್ಟೋ ಬಯಲಿಗೆ, ಉರಿಬಿಸಿಲಿಗೆ ಎಲ್ಲಾನೂ ನೆಟ್ಟ. ಈಗ ಕಾಂಡ್ಲದ ಸರದಿ. "ಸುಟ್ಟೋದೆ! ಸತ್ತೆ! ಇದೆಂಥಾ ಉಪ್ಪೋ!" ಉಪ್ಪಟ್ಟಿ ಕುಣೀತಿತ್ತು.

ಮೂರನೇ ಸಲ ಏನ್ ಮಾಡ್ದ ಗೊತ್ತಾ? ಉಪ್ಪಟ್ಟಿ ಎಲೆ ಮೇಲೆ ಬೆಳ್ಳಗೆ ಉಪ್ಪು ಕಂಡ. "ಅಯ್ಯೋ ಮಗು, ಬೆವರಿದೀಯಲ್ಲ!" ಬುದವಂತಿ ದೂರದ ಬಾವಿಯಿಂದ ಹೊತ್ತು ತಂದ ಕುಡಿಯೋ ನೀರಲ್ಲಿ ಎರಡು ಗಿಡದ್ದೂ ಎಲೆ ಎಲೆ ತೊಳೆದ. ಒಂದು ಕೊಡ, ಎರಡು ಕೊಡ, ಮೂರು ಕೊಡ!

ಬುದವಂತಿ ಸೌಟು ಹಿಡ್ಕೊಂಡೇ ಓಡಿ ಬಂದ್ಲು. "ತಲೇಲಿರೋದು ಬುದ್ಧಿಯೋ ಕೆಸರೋ? ಗಂಜಿಗೆ ನೀರಿಲ್ಲ, ಗಿಡಕ್ಕೆ ಅಭ್ಯಂಜನವಾ?"

"ಎಲ್ಲರಿಗೂ ಒಂದೇ ಉಪಚಾರ ಮಾರಾಯ್ತಿ."

"ಹೌದಾ? ನಿಮಗೆ ಉಪ್ಪಿನಕಾಯಿ ಇಲ್ದೆ ತುತ್ತು ಇಳಿಯಲ್ಲ, ನನಗದು ಬಾಯಿಗಿಟ್ರೆ ಹುಣ್ಣು. ಊಟ ತನ್ನಿಚ್ಛೆ ಅಂತ ಕೇಳಿಲ್ವಾ?"

ಉಪ್ಪಟ್ಟಿ ಎಲೆ ನೆಕ್ಕಿ ಮುಖ ಕಿವುಚಿದ್ಲು. "ಇವನು ಉಪ್ಪು ಕುಡಿದು ಎಲೇಲಿ ಉಗಿಯೋ ಗಟ್ಟಿಗ. ಬಿಸಿಲಿಗೆ, ಹೊಳೆ ಕಡೆ ಮುಂದೆ ನಿಲ್ಲಿಸಿ." ಕಾಂಡ್ಲದ ಎಲೆ ಕಚ್ಚಿದ್ಲು. ಒಗರು, ಉಪ್ಪು ಅಷ್ಟಿಲ್ಲ. "ಇವಳು ಬೇರಲ್ಲೇ ಸೋಸಿ ಕುಡಿಯೋ ನಾಜೂಕಿನೋಳು. ಹಿಂದೆ, ಅವನ ನೆರಳಲ್ಲಿ, ಸಿಹಿನೀರು ಬೆರೆಯೋ ಕಡೆ ಕೂರಿಸಿ."

"ಅಬ್ಬಾ! ಈ ಮನೇಲಿ ಒಬ್ರಿಗಾದ್ರೂ ಕಿವಿ ಇದೆ" ಅಂದ್ವು ಗಿಡಗಳು.

ಅವಳು ಹೇಳಿದ ಹಾಗೇ ಕಟ್ಟೆ ಮುಂದೆ ನೆಟ್ರು. ಗಿಡ ಬೆಳೆಯೋ ತನಕ ಗಂಡ ಹೆಂಡ್ತಿ ಮಣ್ಣು ಹೊತ್ತು ಕಟ್ಟೆ ಕಾದ್ರು. ಒಂದು ವರ್ಷ, ಎರಡು ವರ್ಷ, ಮೂರು ವರ್ಷ. ಒಂದು ಹುಣ್ಣಿಮೆ ದಿನ, ಮಟಮಟ ಮಧ್ಯಾಹ್ನ, ಹೊಳೆ ಉಕ್ಕಿ ಬಂತು ನೋಡಿ! ತಿಮ್ಮು ಕಣ್ಣು ಮುಚ್ಚಿ ಕೂತ. ಅಲೆ ಉಪ್ಪಟ್ಟಿಗೆ ಬಡೀತು, ಕಾಂಡ್ಲದ ಬೇರಲ್ಲಿ ಸಿಕ್ಕೊಂಡು ಸುಸ್ತಾಯ್ತು. ಕಟ್ಟೆ ಕದಲಲಿಲ್ಲ.

ಧಡಾರ್! ಒಡೆದದ್ದು ಯಾರದ್ದು? ಬೀರಣ್ಣನ ಬೋಳು ಕಟ್ಟೆ! ಊರೆಲ್ಲ ಮೈಯೊಡ್ಡಿ, ಮಣ್ಣು ಸುರಿದು ಕಟ್ಟೆಯ ಒಡಕು ಮುಚ್ಚಿದ್ರು. ಗದ್ದೆ ಉಳೀತು. ಬೀರಣ್ಣನ ಮೀಸೆ ಇಳೀತು. ಕಟ್ಟಳೆ ಅವನೇ ಹೇಳಿದ್ದಲ್ವಾ, ಈಗ ಅವನ ಗದ್ದೆಯೇ ಊರಿಗೆ!

ತಿಮ್ಮು "ಕಟ್ಟಳೆ ಎಲ್ಲರಿಗೂ ಒಂದೇ..." ಅಂತ ಬಾಯಿ ತೆಗೆದ. ಬುದವಂತಿ ಚಿವುಟಿದ್ಲು. "ಯಜಮಾನ್ರೇ, ಆವತ್ತು ನೀವು ಬಿಟ್ರಿ, ಇವತ್ತು ನಿಮ್ಮ ಗದ್ದೆ ನೀವೇ ಇಟ್ಕೊಳ್ಳಿ. ನಾಳೆ ಬಂದು ಸಸಿ ತಗೊಂಡು ಹೋಗಿ. ಹೇಗೆ ನೆಡೋದು ಅಂತ ಗಿಡಾನೇ ಕೇಳಿ."

ಮರುದಿನ ಊರೆಲ್ಲ ನೋಡ್ತಿದ್ದ ಹಾಗೇ ಬೀರಣ್ಣ ಸೊಂಟದ ತನಕ ಕೆಸರಲ್ಲಿ ಹೂತು, ಒಂದು ಗೇಣುದ್ದ ಉಪ್ಪಟ್ಟಿಗೆ ಕಿವಿಕೊಟ್ಟು ನಿಂತಿದ್ದ.

"ಏನಂತೆ ಯಜಮಾನ್ರೇ?" ಅಂದ್ಲು ಬುದವಂತಿ.

"ನನ್ನ ನೆರಳು ಅದರ ಮೇಲೆ ಬೀಳ್ತಿದೆಯಂತೆ ತಂಗಿ. ಆಚೆ ಸರಿಯೋ ಅಂತ ಬಯ್ತಾ ಇದೆ!"

ಸರಿದನಾ? ಸರಿದ! ಅವರ ಪಾತ್ರೇಲಿ ಗಂಜಿ ಬೆಂತು, ನನ್ನ ಬಾಯಿ ಒಣಗ್ತು. ಯಾರಾದ್ರೂ ಒಂದು ಚೊಂಬು ನೀರು ಕೊಡ್ರಪ್ಪ.