ನೀಲಿ ಜಾಸ್ತಿಯಾಯ್ತು

...ಬೇಜಾರು ಮಾಡ್ಕೋಬೇಡ ಅಂತ ಹೇಳೋ ಚಾಳಿ ನನಗಿಲ್ಲಮ್ಮ. ಮಾಡ್ಕೋ! ಚೆನ್ನಾಗಿ ಮಾಡ್ಕೋ! ನೀನೇ ತಾನೆ, 'ಮಾವ, ನಾಳೆ ಊರವರೆಲ್ಲ ನನ್ನ ಗೋಡೆಚಿತ್ರ ನೋಡೋ ಮೊದ್ಲು ನೀವು ಬಂದು ನೋಡಿ' ಅಂತ ಇಲ್ಲಿಗೆ ಕರ್ಕೊಂಡು ಬಂದಿದ್ದು? ನೋಡಿದೆ. ಇನ್ನು ಸೊಸೆ ಅನ್ನೋ ರಿಯಾಯಿತಿ ಇಲ್ಲ. ನನ್ನ ಸ್ವಂತ ತಮ್ಮನ ಚಿತ್ರಪ್ರದರ್ಶನಕ್ಕೆ 'ಗೋಡೆ ಚೆನ್ನಾಗಿದೆ, ಚಿತ್ರಗಳನ್ನ ಇಳಿಸಿದ್ರೆ ಇನ್ನೂ ಚೆನ್ನಾಗಿರುತ್ತೆ' ಅಂತ ಪೇಪರಿನಲ್ಲಿ ಬರೆದವನು ನಾನು. ಅವತ್ತಿನಿಂದ ಅವನು ನಮ್ಮನೆ ಹೊಸ್ತಿಲು ತುಳಿದಿಲ್ಲ. ತುಳೀದಿದ್ರೆ ಹೊಸ್ತಿಲಿಗೇನು ನಷ್ಟ?

ಮೊದಲು ಈ ನೀಲಿ. ಏನಮ್ಮಾ ಇದು? ಲೈಬ್ರರಿ ಗೋಡೆ ಪೂರ್ತಿ, ಆ ತುದಿಯಿಂದ ಈ ತುದಿಗೆ, ನೀಲಿ, ನೀಲಿ, ಬರೀ ನೀಲಿ! ಬಚ್ಚಲ ಬಕೆಟ್ಟಿನ ನೀಲಿ!

ಏನಂದೆ? 'ನೀಲೀನಾ?' ಅಂತೀಯಾ? ಅಯ್ಯೋ! ಇದೇ ಯೂನಿವರ್ಸಿಟೀಲಿ ಕೂದಲು ನೆರೆಯೋವರೆಗೂ ಬಣ್ಣ ಕಲಿಸಿದವನನ್ನ ಬಣ್ಣ ಕೇಳ್ತೀಯಲ್ಲೇ! ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಎದುರಿಗೇ ಇದೆಯಲ್ಲ!

...ನನ್ನ ತೋಳು ಹಿಡ್ಕೊಂಡೆಯಾ? ಒಳ್ಳೇದು. ಕೇಳು.

ಆಮೇಲೆ ಚಿತ್ರದಲ್ಲಿ ಆ ಓದೋ ಹುಡುಗಿ. ನಿನ್ನ ಗಂಡ ಊಟಕ್ಕೆ ಕೂತಾಗಲೆಲ್ಲ ವರ್ಣಿಸ್ತಾನಲ್ಲ, ಪುಸ್ತಕದಿಂದ ಹಕ್ಕಿ ಹಾರುತ್ತೆ, ಹಕ್ಕಿಗೆ ಒಡೆದ ಟೀ ಕಪ್ಪಿನ ರೆಕ್ಕೆ, ಅಂತ! ಅನ್ನ ತಣ್ಣಗಾದ್ರೂ ಅವನ ಬಾಯಿ ನಿಲ್ಲಲ್ಲ. ಹೆಂಡತಿ ಮಾಡಿದ್ದೆಲ್ಲ ಅಮೃತ ಅವನಿಗೆ. ಆ ಹುಡುಗಿ ಕುತ್ತಿಗೆ ಏನದು, ಸೋರೆಕಾಯಿನಾ? ಹಕ್ಕಿಗಳೋ... ಹಕ್ಕಿಗಳ ಬಗ್ಗೆ ಮಾತೇ ಬೇಡ. ಟೈಲ್ಸ್ ಒಡೆದು ಗೋಡೆಗೆ ಮೆತ್ತಿದ್ರೆ ಅದು ಮೊಸಾಯಿಕ್ ಆಗಲ್ಲಮ್ಮ, ಮನೆ ಕೆಡವಿದ ಜಾಗ ಆಗುತ್ತೆ. ಗುಡಿಸಿ ಆಚೆ ಹಾಕ್ಬೇಕು!

ಅಲ್ಲಿ ಕೆಲಸದವರ ಅಟ್ಟಣಿಗೆ ಮೇಲೆ ಯಾರೋ ಕಿಸಕ್ ಅಂದ್ರಲ್ಲ? ಯಾಕಂತೆ ನಗು? ನಾನಿಲ್ಲಿ ಪಾಠ ಮಾಡೋವಾಗ ಹೀಗೆ ನಕ್ಕವರು ಬಾಗಿಲಾಚೆ ನಿಂತಿರ್ತಿದ್ರು. ಈಗಿನವರಿಗೆ ಹಿರಿಯರು ಅನ್ನೋದು ಹೋಗ್ಲಿ, ಕಲೆ ಅಂದ್ರೇನು ಅನ್ನೋದೂ ಗೊತ್ತಿಲ್ಲ. ಅದಕ್ಕೇ ನಾನು ಬರೆಯೋದು ಬಿಟ್ಟೆ. ಪೇಪರಿನವರು ಫೋನ್ ಮಾಡ್ತಾನೇ ಇರ್ತಾರೆ, 'ಸರ್, ಒಂದು ಪ್ರದರ್ಶನ ನೋಡಿ ಬನ್ನಿ' ಅಂತ. ಏನಿದೆಯಪ್ಪಾ ನೋಡೋಕೆ, ಅಂತೀನಿ. ಕಸ! ಕಸ ನೋಡೋಕೆ ಕಣ್ಣು ಬೇಕಾ?

ಯಾಕೆ ಹಾಗೆ ಉಸಿರೆಳ್ಕೊಂಡೆ? ಅತ್ತುಗಿತ್ತೀಯ ಮತ್ತೆ.

ಸರಿ, ನ್ಯಾಯ ಅಂದ್ರೆ ನ್ಯಾಯ. ಒಂದು ಮಾತು ಒಪ್ತೀನಿ. ಚಲನೆ ಇದೆ. ಆ ನೀಲಿ ಇದೆಯಲ್ಲ, ಅದು ಒಂಥರಾ... ಅಲೆ ಎದ್ದ ಹಾಗೆ ಉಬ್ಬುತ್ತೆ, ಇಳಿಯುತ್ತೆ. ನಿಂತ ಗೋಡೇನ ಉಸಿರಾಡಿಸೋದು ಸುಲಭ ಅಲ್ಲ. ಅಷ್ಟು ನಿನಗೆ ದಕ್ಕಿದೆ. ಹೇಗೆ ದಕ್ಕಿತೋ ದೇವರಿಗೇ ಗೊತ್ತು! ನಾಳೆ ಕುಲಪತಿಗಳು ಮೈಕ್ ಕೊಟ್ಟಾಗ ಇದನ್ನೇ ಹೇಳ್ತೀನಿ. ಮೊದಲು ನೀಲಿಗೆ ಬೈತೀನಿ, ಆಮೇಲೆ ಈ ಚಲನೆ. ಸಭೆ ಸಭೆಯೇ ಗಪ್‌ಚಿಪ್ ಆಗ್ಬೇಕು. ಯಾವ ಸೊಸೆಗೆ ಸಿಗುತ್ತೆ ಹೇಳು ಇಂಥ ಭಾಗ್ಯ?

ಮಾತಾಡೇ. ಒಂದು 'ಹೂಂ' ಆದ್ರೂ ಅನ್ನು. ಯಾವತ್ತೂ ಮಾತಿಗೆ ಮಾತು ಕೊಡೋಳು, ಇವತ್ತು ಏನು ಬಾಯಿಗೆ ಬೀಗ...

ಏನದು! ಏನದು ಸದ್ದು? ಧೊಪ್ ಅಂತ ಏನು ಬಿತ್ತು? ಯಾರಿಗಾದ್ರೂ ಪೆಟ್ಟಾಯ್ತಾ? ಯಾರೂ ಕೂಗ್ಲಿಲ್ಲವಲ್ಲ...

ನೀಲಿ ಎಲ್ಲಿ ಹೋಯ್ತು?

ಇಲ್ಲ, ಅಂದ್ರೆ... ಬಿಸಿಲು ತಿರುಗಿತು ಅನ್ಸುತ್ತೆ. ಬಿಸಿಲಿಗೆ ಬಣ್ಣ... ಅಲ್ವಾ? ಅಲ್ವೇನೇ? ಏನವನು ಮೇಲಿಂದ ಕೂಗ್ತಿರೋದು? 'ಟಾರ್ಪಾಲ್ ಬಿಚ್ಚಿದ್ವಿ ಮೇಡಂ'? ಯಾವ ಟಾರ್ಪಾಲು? ...ಈಗ ಬಿಚ್ಚಿದ್ದಾ?

ಹಾಗಾದ್ರೆ ಇಷ್ಟು ಹೊತ್ತು ನಾನು...

ಹೇಳ್ಬಾರ್ದಾಗಿತ್ತಾ? ಮೊದಲ ಮಾತಿಗೇ ಗೊತ್ತಾಗಿರುತ್ತೆ ನಿನಗೆ! ಆಡಿಕೊಳ್ಳೋರ ಮುಂದೆ ಎಡವಿ ಬೀಳ್ಲಿ ಅಂತ ಬಿಟ್ಟೆಯಾ? ನಗು, ನೀನೂ ನಗು! ಮೇಲಿದ್ದವರು ನಕ್ರಲ್ಲ!

...ನಗ್ತಿಲ್ಲ ನೀನು.

ನಿನ್ನ ಗಂಡನಿಗೆ ಹೇಳ್ಬೇಡ. ಹೇಳ್ತೀಯ, ಗೊತ್ತು. ಎಲ್ಲಾ ಮಸುಕಾಗಿಲ್ಲಮ್ಮ, ಅಂಚಲ್ಲಿ ಕಾಣ್ಸುತ್ತೆ. ನಡುವೆ ಮಾತ್ರ... ಯಾರೋ ಹೆಬ್ಬೆರಳಲ್ಲಿ ಒರೆಸಿದ ಹಾಗೆ. ಕಣ್ಣಿನ ಡಾಕ್ಟರು ಈ ಮಸುಕು ಬೆಳೆಯುತ್ತೆ ಅಂದ್ರು. ಅವನೊಬ್ಬ ದಡ್ಡ. ...ಮನೆಯಲ್ಲಿ ಹೇಳಿ ಏನು ಮಾಡ್ಲಿ? ಕಣ್ಣಿಲ್ಲದ ವಿಮರ್ಶಕ ಅಂತ ಬೋರ್ಡ್ ಹಾಕ್ಕೊಳ್ಳಾ?

ಏನು ಮಾಡ್ತಿದ್ದೀಯ? ಯಾಕೆ ಕೈ ಎಳೀತೀಯ? ಬಿಡು, ಜನ ನೋಡ್ತಾರೆ... ಬರ್ತೀನಿ, ಬರ್ತೀನಿ, ನಿಧಾನ!

ಅಬ್ಬಾ, ಗೋಡೆ ಬಿಸಿಲಿಗೆ ಕಾದಿದೆ. ಒರಟು. ಇಲ್ಲಿ ಸಿಮೆಂಟು ಸರಿಯಾಗಿ ಒರೆಸಿಲ್ಲ ನೋಡು, ಕೈಗೆ ತಾಗುತ್ತೆ. ಸೋಮಾರಿಗಳು... ಇದು ಅವಳ ಕೂದಲಾ? ಹೆಣೆದ ಹಾಗಿದೆ. ಇದು ಪುಸ್ತಕ. ಹೂಂ, ಇದು ಪುಸ್ತಕ. ಮೇಲೆ? ಇನ್ನೂ ಮೇಲಕ್ಕೆ ಹಿಡಿ ನನ್ನ ಕೈ... ಇದು ಕಪ್ಪಿನ ಹಿಡಿ ಅಲ್ವಾ! ರೆಕ್ಕೆಗೆ ಹಿಡಿ ಇಟ್ಟಿದ್ದೀಯಾ... ಹುಚ್ಚಿ.

ಇದು ಯಾವ ಬಣ್ಣ?

ಹೇಳಮ್ಮಾ. ನನಗೆ ಗೊತ್ತಾಗ್ತಿಲ್ಲ.