ಎರಡು ಚೌಕಗಳ ನಡುವೆ

ಹಲ್ಲಿನ ಡಾಕ್ಟರ ಹತ್ತಿರ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೆನ್ನೆ ಊದಿಸಿಕೊಂಡು ಡ್ರಾಯಿಂಗ್ ಮೇಷ್ಟ್ರು ಕೂತಿದ್ದರು. ಅವರ ಶಿಷ್ಯೆಯೊಬ್ಬಳ ತಾಯಿ, ಮಗಳು ಬರೆದ ಕಾಮಿಕ್ಸ್ ಹಾಳೆಯನ್ನು ಅವರ ಮುಂದೆ ಹಿಡಿದರು.

“ಮೇಷ್ಟ್ರೇ, ಮೊದಲನೇ ಚೌಕದಲ್ಲಿ ನನ್ನ ಕೈಲಿ ಸೌಟು. ಎರಡನೇದ್ರಲ್ಲಿ ಇವಳು ಗೊಳೋ ಅಂತ ಅಳ್ತಿದಾಳೆ. ನೋಡಿದೋರೆಲ್ಲ ನಾನು ಹೊಡೆದೆ ಅಂತಾರೆ.”

“ಹೊಡೆದಿದ್ದನ್ನ ಅವಳು ಬರೆದೇ ಇಲ್ವಲ್ಲಮ್ಮ.”

“ಅವಳು ಅತ್ತಿದ್ದು ಈರುಳ್ಳಿ ಹೆಚ್ಚಿ.”

“ಎರಡು ಚೌಕದ ನಡುವೆ ಏನಾಯ್ತು ಅಂತ ಓದೋರೇ ಊಹಿಸ್ಕೋಬೇಕು. ನಾನು ಕಲಿಸಿದ ಪಾಠಾನೇ ಅದು.”

“ಚೆನ್ನಾಗಿ ಕಲಿಸಿದ್ರಿ. ನಾಳೆ ನಿಮ್ಮ ಕ್ಲಾಸಿನ ಚಿತ್ರಪ್ರದರ್ಶನಕ್ಕೆ ನಮ್ಮತ್ತೆ ಬರ್ತಾರೆ. ಅವರು ಊಹಿಸೋಕೆ ಶುರು ಮಾಡಿದ್ರೆ ನಿಲ್ಸೋದೇ ಇಲ್ಲ. ನಡುವೆ ಈರುಳ್ಳಿ ಹೆಚ್ಚೋ ಚೌಕ ಒಂದನ್ನ ಸೇರಿಸೋಕೆ ಅವಳಿಗೆ ಹೇಳಿಬಿಡಿ.”

ಮೇಷ್ಟ್ರು ಕೆನ್ನೆ ಹಿಡಿದುಕೊಂಡರು. “ಆಯ್ತಮ್ಮ, ಹೇಳ್ತೀನಿ.”

ಒಳಗಿಂದ ನರ್ಸ್ ಆ ತಾಯಿಯ ಸರದಿ ಕೂಗಿದಳು. ಆಕೆ ಬಾಗಿಲವರೆಗೆ ಹೋಗಿ ತಿರುಗಿದರು.

“ಈಗ ಎಷ್ಟು ಮಾರ್ಕ್ಸ್ ಕೊಟ್ಟಿದೀರಿ?”

“ಹತ್ತಕ್ಕೆ ಹತ್ತು. ಇಡೀ ಕ್ಲಾಸಿಗೇ ಮೊದಲು.”

“ಈರುಳ್ಳಿ ಬಂದ್ರೆ?”

“ಆರು.”

“ಹಾಗಾದ್ರೆ ಬೇಡ ಬಿಡಿ. ಹೊಡೆದೆ ಅಂತಾನೇ ಇರ್ಲಿ,” ಎಂದು ಆಕೆ ಒಳಗೆ ಹೋದರು.